ಎಂಜಲಿನಲ್ಲಿ ವಂಶಾವಳಿ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಕಿತ್ತೂರು ದೇಸಾಯರ ವಂಶ ಎಂದು ಅಜ್ಜ ಕೊನೆತನಕ ಹೇಳುತ್ತಿದ್ದರು. ಕಾಗದಪತ್ರ ಮಾತ್ರ ಮನೆಯಲ್ಲಿ ಒಂದೂ ಉಳಿದಿಲ್ಲ. ಈಗ ಎಂಜಲು ಕಳಿಸಿದರೆ ಡಿಎನ್‌ಎ ಪರೀಕ್ಷೆ ಮಾಡಿ ಪೂರ್ವಜರ ಸಂಗತಿ ತಿಳಿಸುತ್ತಾರಂತೆ. ಅಜ್ಜನ ಮಾತು ನಿಜವೋ ಅಲ್ಲವೋ ಅದರಿಂದ ಗೊತ್ತಾಗುತ್ತದೆಯೇ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಎಂಜಲೊಂದರಿಂದಲೇ ಗೊತ್ತಾಗುವುದಿಲ್ಲ. ಡಿಎನ್‌ಎ ಪರೀಕ್ಷೆ ಎಂದರೆ ಹೋಲಿಸಿ ನೋಡುವುದು. ನಿಮ್ಮ ಎದುರಿಗೆ ತೂಗಿ ನೋಡಲು ಇನ್ನೊಬ್ಬರು ಬೇಕು, ಅವರು ಆ ಮನೆತನದವರೇ ಎಂಬುದಕ್ಕೆ ಪುರಾವೆ ಬೇಕು. ಆ ಪುರಾವೆ ಮತ್ತೆ ಹಳೆಯ ಕಾಗದದಲ್ಲೇ ಇರುತ್ತದೆ. ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಅಮೆರಿಕದ ಒಂದು ಕಥೆ ಹೇಳುತ್ತೇನೆ. ಅಲ್ಲಿಯೂ ಇದ್ದದ್ದು ನಿಮ್ಮ ಮನೆಯಲ್ಲಿರುವಂಥದ್ದೇ, ಅಜ್ಜನ ಬಾಯಿಮಾತು.

ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆಯಲ್ಲಿ ಸ್ಯಾಲಿ ಹೆಮಿಂಗ್ಸ್ ಎಂಬ ಗುಲಾಮ ಹೆಣ್ಣುಮಗಳಿದ್ದಳು. ಅವಳ ಮಕ್ಕಳಿಗೆ ಜೆಫರ್ಸನ್ನನೇ ತಂದೆ ಎಂಬ ಗುಸುಗುಸು 1802ರಲ್ಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. 1873ರಲ್ಲಿ ಸ್ಯಾಲಿಯ ಮಗ ಮ್ಯಾಡಿಸನ್ ಓಹಾಯೋದ ಪತ್ರಿಕೆಯೊಂದಕ್ಕೆ ಅದನ್ನೇ ಬಿಚ್ಚಿ ಹೇಳಿದ. ಅಧ್ಯಕ್ಷನ ಮೊಮ್ಮಕ್ಕಳು ಒಪ್ಪಲಿಲ್ಲ. ಅದು ಅಜ್ಜನ ಕೆಲಸವಲ್ಲ, ಅವನ ತಂಗಿಯ ಮಕ್ಕಳಾದ ಕಾರ್ ಸಹೋದರರದ್ದು ಎಂದರು. ಇತಿಹಾಸಕಾರರಲ್ಲಿ ಬಹಳ ಮಂದಿ ಮೊಮ್ಮಕ್ಕಳನ್ನು ನಂಬಿದರು. ಗುಲಾಮಳ ಮಗ ಹೇಳಿದ್ದು ಅವರಿಗೆ ಸಾಕ್ಷಿ ಎನಿಸಲೇ ಇಲ್ಲ.

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ದಾಟುತ್ತದೆ. ಹಾಗಾದರೆ ಜೆಫರ್ಸನ್ನನ ಗಂಡು ಸಂತತಿಯನ್ನು ಹಿಡಿದು ಪರೀಕ್ಷಿಸಿದರೆ ಆಯಿತಲ್ಲ? ತೊಡಕು ಅಲ್ಲೇ ಇತ್ತು. ಹೆಂಡತಿಯಲ್ಲಿ ಹುಟ್ಟಿದವರಲ್ಲಿ ದೊಡ್ಡವರಾಗಿ ಬದುಕಿದ್ದು ಇಬ್ಬರು ಹೆಣ್ಣುಮಕ್ಕಳು ಮಾತ್ರ. ಆಗ ವಂಶಾವಳಿಯ ಕಾಗದ ಕೈಹಿಡಿಯಿತು. ಜೆಫರ್ಸನ್ನನ ದೊಡ್ಡಪ್ಪ–ಚಿಕ್ಕಪ್ಪಂದಿರ ಸಾಲಿನಲ್ಲಿ ಫೀಲ್ಡ್ ಜೆಫರ್ಸನ್ ಎಂಬಾತನಿದ್ದ. ಅವನ ಗಂಡು ಸಾಲು ಮುರಿಯದೆ ಉಳಿದಿತ್ತು. ಯುಜೀನ್ ಫಾಸ್ಟರ್ ಎಂಬ ನಿವೃತ್ತ ವೈದ್ಯರು ಆ ಸಾಲಿನ ಐವರು, ಕಾರ್ ಮನೆತನದ ಮೂವರು ಮತ್ತು ಸ್ಯಾಲಿಯ ಕೊನೆಯ ಮಗ ಎಸ್ಟನ್‌ನ ಸಾಲಿನ ಒಬ್ಬರಿಂದ ರಕ್ತ ತೆಗೆಸಿದರು. ತಾವು ಸ್ಯಾಲಿಯ ಮೊದಲ ಮಗನ ಪೀಳಿಗೆ ಎಂದು ಹೇಳಿಕೊಳ್ಳುತ್ತಿದ್ದ ವುಡ್ಸನ್ ಮನೆತನದ ಐವರೂ ರಕ್ತ ಕೊಟ್ಟರು.

1998ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಸ್ಟನ್ ಕಡೆಯವರ ಗುರುತುಗಳು ಜೆಫರ್ಸನ್ ಮನೆತನಕ್ಕೆ ಹೊಂದಿದವು, ಕಾರ್ ಮನೆತನಕ್ಕೆ ಹೊಂದಲಿಲ್ಲ. ಮೊಮ್ಮಕ್ಕಳು ಕೊಟ್ಟಿದ್ದ ಸಮಜಾಯಿಷಿ ಅಲ್ಲಿಗೆ ಬಿದ್ದುಹೋಯಿತು. ವುಡ್ಸನ್ನರ ಗುರುತೂ ಜೆಫರ್ಸನ್ನರದ್ದಕ್ಕೆ ಹೊಂದಲಿಲ್ಲ. ತಲೆತಲಾಂತರದಿಂದ ಅಷ್ಟೇ ನಂಬಿಕೆಯಿಂದ ಹೇಳಿಕೊಂಡು ಬಂದ ಎರಡು ಕಥೆಗಳು. ಒಂದು ನಿಂತಿತು, ಇನ್ನೊಂದು ನಿಲ್ಲಲಿಲ್ಲ.

ನಿಂತದ್ದೂ ಅರ್ಧವೇ. ರಕ್ತ ಹೇಳಿದ್ದು ‘ಜೆಫರ್ಸನ್ನರಲ್ಲೊಬ್ಬ’ ಎಂದು ಮಾತ್ರ. ಥಾಮಸ್‌ಗೆ ರ‍್ಯಾಂಡಾಲ್ಫ್ ಎಂಬ ತಮ್ಮನಿದ್ದ, ಆ ತಮ್ಮನಿಗೆ ಗಂಡುಮಕ್ಕಳಿದ್ದರು. ಅವರೆಲ್ಲರದ್ದೂ ಅದೇ ವೈ. ಯಾವ ಜೆಫರ್ಸನ್ ಎಂದು ಹೇಳುವ ಶಕ್ತಿ ಪ್ರಯೋಗಾಲಯಕ್ಕೆ ಇರಲಿಲ್ಲ. ಅದನ್ನು ಬಹುಪಾಲು ಹೇಳಿದ್ದು ಥಾಮಸ್ ಸ್ವತಃ ಬರೆದಿಟ್ಟ ಪುಸ್ತಕಗಳು! ಆತ ಪೈಸೆ ಪೈಸೆ ಬರೆದಿಡುವ ಮನುಷ್ಯ. ಜಮೀನಿನ ಲೆಕ್ಕದ ಪುಸ್ತಕದಲ್ಲಿ ಗುಲಾಮರ ಮಕ್ಕಳು ಹುಟ್ಟಿದ ಕಾಲ ಬರೆದಿದ್ದ. ದಿನದ ಖರ್ಚಿನ ಪುಸ್ತಕಗಳಿಂದ ಯಾವ ದಿನ ಎಲ್ಲಿದ್ದ ಎಂದು ತಿಳಿಯುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ, ವರ್ಷಗಟ್ಟಲೆ ಹೊರಗೇ ಇರುತ್ತಿದ್ದ ಆತ ಸ್ಯಾಲಿಯ ಪ್ರತಿ ಮಗು ಹುಟ್ಟುವ ಸುಮಾರು ಒಂಬತ್ತು ತಿಂಗಳ ಮುಂಚೆ ಮನೆಯಲ್ಲೇ ಇದ್ದ. ಬದುಕುಳಿದ ನಾಲ್ವರಿಗೂ ಬಿಡುಗಡೆ ಸಿಕ್ಕಿತು. ಮ್ಯಾಡಿಸನ್, ಎಸ್ಟನ್ ಇಬ್ಬರ ಹೆಸರು ಉಯಿಲಿನಲ್ಲೇ ಇದೆ. ಕಾನೂನು ಓದಿದ್ದ ಇತಿಹಾಸಕಾರ್ತಿ ಅನೆಟ್ ಗಾರ್ಡನ್–ರೀಡ್ ಈ ಸಾಕ್ಷ್ಯಗಳನ್ನೆಲ್ಲ ವಕೀಲರ ಹಾಗೆ ತೂಗಿ ಪುಸ್ತಕ ಬರೆದದ್ದು 1997ರಲ್ಲಿ, ಅಂದರೆ ರಕ್ತಪರೀಕ್ಷೆಯ ಫಲಿತಾಂಶಕ್ಕೂ ಒಂದು ವರ್ಷ ಮುಂಚೆ. ಕಾಗದ ಅಲ್ಲೇ ಇತ್ತು. ಓದುವ ಮನಸ್ಸು ಇರಲಿಲ್ಲ.

ಡಿಎನ್‌ಎ ಎಂಬ ಇದೇ ಹತಾರ ಇನ್ನೊಂದು ಕಡೆ ತಿರುಗಿ ಕುಯ್ದದ್ದೂ ಉಂಟು. 1485ರ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ಊರಿನ ಕಾರು ನಿಲ್ಲಿಸುವ ಜಾಗದ ಕೆಳಗೆ ಸಿಕ್ಕಿತು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯ ಡಿಎನ್‌ಎಯನ್ನು ಅವನ ಅಕ್ಕನ ಹೆಣ್ಣು ಸಾಲಿನಿಂದ ಬಂದ ಇಬ್ಬರೊಂದಿಗೆ ಹೋಲಿಸಿದರು. ಒಬ್ಬರದ್ದು ಪೂರ್ತಿ ಹೊಂದಿತು, ಇನ್ನೊಬ್ಬರದ್ದರಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಆದರೆ ರಾಜಮನೆತನದ ಗಂಡು ಸಾಲಿನವರು ಎಂದು ದಾಖಲೆ ಇದ್ದ ಐವರಲ್ಲಿ ಒಬ್ಬರ ವೈ ಕೂಡ ದೊರೆಯದಕ್ಕೆ ಹೊಂದಲಿಲ್ಲ. ಸಾಲದ್ದಕ್ಕೆ, ಆ ಐವರಲ್ಲೇ ಒಬ್ಬರದ್ದು ಉಳಿದ ನಾಲ್ವರಿಗಿಂತ ಬೇರೆ. ಕಾಗದದಲ್ಲಿದ್ದ ಅಪ್ಪ ಒಬ್ಬ, ರಕ್ತದ ಅಪ್ಪ ಮತ್ತೊಬ್ಬ ಎಂಬುದು ಆ ಉದ್ದನೆಯ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆದಿತ್ತು.

ಈಗ ನಿಮ್ಮ ಕಿತ್ತೂರಿಗೆ ಬರೋಣ. ಗಂಡು ಸಾಲಿನ ಪರೀಕ್ಷೆ ಅಲ್ಲಿ ಎಡವುವ ಜಾಗ ನಿಮಗೇ ಗೊತ್ತಿರುವ ಇತಿಹಾಸ. ಮಕ್ಕಳಿಲ್ಲದ ಕಿತ್ತೂರು ದೇಸಾಯಿ ಶಿವಲಿಂಗರುದ್ರಸರ್ಜ ದತ್ತು ತೆಗೆದುಕೊಂಡ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಉತ್ತರಾಧಿಕಾರಿ ಎಂದು ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು ಆ ಜಗಳದಲ್ಲಿ. ರಾಣಿ ಚೆನ್ನಮ್ಮ ಕಾದಾಡಿದ್ದೇ ದತ್ತಕದ ಹಕ್ಕಿಗೆ. ವೈ ಕ್ರೋಮೋಸೋಮ್‌ಗೆ ದತ್ತಕ ಗೊತ್ತಿಲ್ಲ. ಆ ಮಟ್ಟಿಗೆ ಅದು ಥ್ಯಾಕರೆ ಪಕ್ಷ! ನಿಮ್ಮ ಹಿರಿಯರಲ್ಲಿ ಯಾರಾದರೂ ದತ್ತು ಬಂದವರಾಗಿದ್ದರೆ, ಅಥವಾ ನಂಟು ಹೆಣ್ಣುಮಗಳ ಕಡೆಯಿಂದ ಬಂದದ್ದಾದರೆ, ವೈ ಹೊಂದದೇ ಹೋಗಬಹುದು. ಅಷ್ಟಕ್ಕೇ ಅಜ್ಜ ಸುಳ್ಳು ಹೇಳಿದರು ಎನ್ನಲು ಬರುವುದಿಲ್ಲ.

ಕಂಪನಿಗಳು ಕಳಿಸುವ ‘ಇಂಥ ಪ್ರದೇಶದವರು ಶೇಕಡಾ ಇಷ್ಟು’ ಎಂಬ ಬಣ್ಣದ ನಕ್ಷೆಯಿಂದ ನಿಮಗೆ ಉಪಯೋಗವಿಲ್ಲ. ಎಂಟು ತಲೆಮಾರು ಹಿಂದೆ ಹೋದರೆ ನಿಮಗೆ 256 ಹಿರಿಯರು. ಅವರಲ್ಲೊಬ್ಬರು ದೇಸಾಯರೋ ಅಲ್ಲವೋ ಎಂಬುದು ಆ ನಕ್ಷೆಯಲ್ಲಿ ಕಾಣುವುದಿಲ್ಲ.

ಕಾಗದ ಒಂದೂ ಇಲ್ಲ ಎಂದಿದ್ದೀರಿ. ಮನೆಯಲ್ಲಿ ಇಲ್ಲದಿರಬಹುದು. ಹೊಲದ ಹಳೆಯ ದಾಖಲೆ, ಕ್ರಯಪತ್ರ, ಇನಾಮಿನ ಕಾಗದ, ಊರ ಮಠದ ಲೆಕ್ಕಪುಸ್ತಕ ಹುಡುಕಿ. ಎಲ್ಲಕ್ಕಿಂತ ಮೊದಲು ನಿಮ್ಮ ಮನೆತನದ ಹೆಳವರು ಯಾರು ಎಂದು ಊರಿನ ಹಿರಿಯರನ್ನು ಕೇಳಿ. ಎತ್ತು ಹೊಡೆದುಕೊಂಡು ಬಂದು, ಹೊತ್ತಿಗೆ ಬಿಚ್ಚಿ, ನಿಮ್ಮ ಹಿರಿಯರ ಹೆಸರನ್ನು ಓದಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಕಾಳು ಪಡೆದು ಹೋಗುವ ಅವರ ಬಳಿ ನಿಮ್ಮ ಮನೆಯ ಪುಟ ಇರಬಹುದು. ಅದರಲ್ಲಿ ದೇಸಾಯರ ಸಾಲಿಗೆ ಕೊಂಡಿ ಸಿಕ್ಕರೆ, ಆ ಸಾಲಿನ ಗಂಡಸೊಬ್ಬರು ಮನಸಾರೆ ಒಪ್ಪಿದರೆ, ಎಂಜಲಿನ ಮಾತು ಆಮೇಲೆ. ವುಡ್ಸನ್ನರಿಗೆ ಬಂದಂಥ ಉತ್ತರ ಬಂದರೂ ಕೇಳಲು ಮನೆಯವರು ತಯಾರಿದ್ದಾರೆಯೇ ಎಂದು ಆಗ ಒಂದು ಮಾತು ವಿಚಾರಿಸಿಕೊಳ್ಳಿ.

ಹೆಳವರು ಬಂದಾಗ ಒಂದು ಎಚ್ಚರ. ಅವರು ಹೊತ್ತಿಗೆ ತೆರೆಯುವ ಮುಂಚೆ ‘ನಾವು ಕಿತ್ತೂರು ದೇಸಾಯರ ಕಡೆಯವರಲ್ಲವೇ’ ಎಂದು ಬಾಯಿಬಿಡಬೇಡಿ. ಚಾಪೆ ಹಾಸಿ ಕೂರಿಸಿ, ಚಹಾ ಕೊಡಿ, ಓದಲು ಬಿಡಿ.