ಡ್ರಿಲ್ ಯಂತ್ರದಿಂದ ತಿರುಪು ಮೊಳೆ ಕೂರಿಸುವ ಕ್ರಮ



ಬ್ಯಾಟರಿಯಿಂದ ನಡೆಯುವ ಡ್ರಿಲ್ ಯಂತ್ರ ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಕೊಟ್ಟಿಗೆಯ ಬಾಗಿಲಿಗೆ ಕೀಲುಪಟ್ಟಿ ಹಾಕಲು, ಗೋದಲಿಯ ಹಲಗೆ ಬಿಗಿಯಲು ಬಡಗಿಯ ದಾರಿ ಕಾಯಬೇಕಾಗಿಲ್ಲ. ಆದರೆ ಯಂತ್ರದ ಬಲವನ್ನೆಲ್ಲ ಒಮ್ಮೆಗೇ ತಿರುಪು ಮೊಳೆಯ ಮೇಲೆ ಬಿಟ್ಟರೆ ಮರ ಸೀಳುತ್ತದೆ. ಇಲ್ಲವೆ ಮೊಳೆಯ ತಲೆ ಸವೆದು, ಒಳಕ್ಕೂ ಹೋಗದೆ ಹೊರಕ್ಕೂ ಬಾರದೆ ನಿಲ್ಲುತ್ತದೆ.

ಮೊದಲು ಮೊಳೆಗೆ ದಾರಿ ಮಾಡಿಕೊಡಿ. ಜಾಲಿ, ಮತ್ತಿ, ಹೊನ್ನೆಯಂಥ ಗಟ್ಟಿ ಮರಕ್ಕೆ ತೂತು ಕೊರೆಯದೆ ಮೊಳೆ ತಿರುಗಿಸಲೇಬಾರದು. ಸುರುಳಿಯನ್ನು ಬಿಟ್ಟು ಮೊಳೆಯ ಒಳಗಂಬಿ ಎಷ್ಟು ದಪ್ಪವೋ ತೂತು ಅಷ್ಟಿರಲಿ. 4 ಮಿ.ಮೀ. ಮೊಳೆಗೆ ಗಟ್ಟಿ ಮರದಲ್ಲಿ 3 ಮಿ.ಮೀ., ಸಿಲ್ವರ್ ಓಕಿನಂಥ ಮೆದು ಮರದಲ್ಲಿ 2.5 ಮಿ.ಮೀ. ಸರಿಹೋಗುತ್ತದೆ. ಎರಡು ಹಲಗೆ ಕೂಡಿಸುವಾಗ ಮೇಲಿನ ಹಲಗೆಯ ತೂತಿನಲ್ಲಿ ಮೊಳೆ ಸಡಿಲವಾಗಿ ಹಾಯಬೇಕು. ಇಲ್ಲದಿದ್ದರೆ ನಡುವೆ ಸಂದು ಉಳಿಯುತ್ತದೆ. ಮೊಳೆಗೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಕೆಲವರು ಸಾಬೂನು ಹಚ್ಚುತ್ತಾರೆ. ಅದು ತೇವ ಹಿಡಿದು ತುಕ್ಕು ತರುತ್ತದೆ, ಬೇಡ.

ಮೊಳೆಯ ತಲೆಗೆ ಬಿಟ್ ಅಲುಗಾಡದಂತೆ ಕೂರಬೇಕು. ಕೂಡುಗೆರೆಯ ತಲೆಯ ಸಾಮಾನ್ಯ ಮೊಳೆಗಳಿಗೆ ಪಿಎಚ್ 2 ಎಂದು ಬರೆದ ಬಿಟ್ ಹೊಂದುತ್ತದೆ. ಈ ತಲೆಯ ಗಾಡಿ ಇಳಿಜಾರಾಗಿರುವುದರಿಂದ ತಿರುಗುವಾಗ ಬಿಟ್ ಹೊರಕ್ಕೆ ಜಾರಲು ನೋಡುತ್ತದೆ. ಆದ್ದರಿಂದ ಯಂತ್ರವನ್ನು ಮೊಳೆಯ ನೇರಕ್ಕೇ ಹಿಡಿದು, ಹಿಂದಿನಿಂದ ಚೆನ್ನಾಗಿ ಒತ್ತಿ, ನಿಧಾನವಾಗಿ ತಿರುಗಿಸಿ. ವೇಗದ ಗುಂಡಿ 1ರಲ್ಲಿರಲಿ. ಸುತ್ತಿಗೆಯ ಚಿಹ್ನೆ ಗೋಡೆ ಕೊರೆಯುವುದಕ್ಕೆ, ಮೊಳೆಗಲ್ಲ. ಮೂತಿಯ ಬಳಿ ಅಂಕಿಗಳುಳ್ಳ ಬಳೆಯನ್ನು ಚಿಕ್ಕ ಅಂಕಿಗೆ ಇಟ್ಟು ಆರಂಭಿಸಿ. ಮೊಳೆ ಪೂರ್ತಿ ಇಳಿಯುವ ಮೊದಲೇ ಕಟಕಟ ಸದ್ದಾದರೆ ಒಂದೊಂದೇ ಅಂಕಿ ಏರಿಸಿ.

ಕೊಟ್ಟಿಗೆಯ ತಗಡಿನ ವಿಷಯ ಬೇರೆ. ಅದರ ಮೊಳೆಗೆ ಕೊರೆಯುವ ಮೂತಿ ತಾನೇ ಇರುತ್ತದೆ, ತಲೆಯಡಿ ರಬ್ಬರ್ ವಾಷರ್ ಇರುತ್ತದೆ. ರಬ್ಬರ್ ತಗಡಿಗೆ ಸುತ್ತಲೂ ಅಂಟಿ ಅಂಚು ತುಸು ಉಬ್ಬಿದೊಡನೆ ಬೆರಳು ಬಿಡಿ. ಇನ್ನೂ ಬಿಗಿದರೆ ರಬ್ಬರ್ ಒಡೆದು ಸೋರುತ್ತದೆ. ಸಡಿಲಬಿಟ್ಟರೆ ಭರಣಿ ಮಳೆಯ ಗಾಳಿ ತಗಡನ್ನೇ ಕಿತ್ತೀತು, ಕೆಳಗೆ ದನಗಳಿರುತ್ತವೆ. ಬಿಗಿದದ್ದು ಹೆಚ್ಚಾಯಿತೆಂದು ಕಂಡರೆ ಮೊಳೆ ತೆಗೆದು ಹೊಸ ವಾಷರ್ ಹಾಕಿ.

ಹೆಗಲ ಟವೆಲ್ಲು ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿ ಕೆಲಸಕ್ಕೆ ಕೂರಿ. ಕೈಚೀಲ ಬೇಡ, ತಿರುಗುವ ಬಿಟ್‌ಗೆ ಸಿಕ್ಕಿಕೊಳ್ಳುತ್ತದೆ. ಹಲಗೆಯ ಹಿಂಬದಿ ಯಾರ ಕೈಯೂ ಇರಕೂಡದು, ಮಕ್ಕಳದಂತೂ ಇರಲೇಬಾರದು. ಬಿಟ್ ಬದಲಿಸುವಾಗ ಬ್ಯಾಟರಿ ಕಳಚಿ.

ತಲೆ ಸವೆದ ಮೊಳೆಯನ್ನು ತೆಗೆಯಬೇಕೆ? ಸೈಕಲ್ ಟ್ಯೂಬಿನ ತೆಳು ತುಂಡೊಂದನ್ನು ತಲೆಯ ಮೇಲಿಟ್ಟು, ಅದರ ಮೇಲೆ ಬಿಟ್ ಒತ್ತಿ, ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿ ನೋಡಿ. ತಲೆ ಸ್ವಲ್ಪ ಹೊರಗಿದ್ದರೆ ಇಕ್ಕಳವೇ ಸಾಕು.