ತೊಗರಿಯ ಕಾಳು ಮತ್ತು ಬಾಳುವ ಉದ್ಯಮ

ಎಳ್ಳಮಾವಾಸ್ಯೆಯ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳ ನಡುವೆ ಪ್ರಯಾಣ ಮಾಡುವವರಿಗೆ ದಾರಿಯ ಎರಡು ಬದಿಗಳಲ್ಲಿಯೂ ಒಣಗುತ್ತ ನಿಂತ ತೊಗರಿಯೇ ಕಾಣುವುದು. ಕಲಬುರಗಿ ಜಿಲ್ಲೆಗೆ ತೊಗರಿಯ ಕಣಜವೆಂಬ ಹೆಸರು ಸುಮ್ಮನೆ ಬಂದುದಲ್ಲ. 2019ರಲ್ಲಿ ಇಲ್ಲಿಯ ಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಇದೇ ಕಾಳನ್ನು ನಮ್ಮ ಹಿರಿಯರು ಬರ್ಮಾ ಎನ್ನುತ್ತಿದ್ದ ಮ್ಯಾನ್ಮಾರಿನಲ್ಲಿಯೂ, ಆಫ್ರಿಕದ ಮೊಜಾಂಬಿಕ್ ಮತ್ತು ಮಲಾವಿಗಳಲ್ಲಿಯೂ ಬೆಳೆಯುತ್ತಾರೆ. ಕಾಳು ಒಂದೇ, ಅದನ್ನು ನಂಬಿದ ಉದ್ಯಮವು ಎಲ್ಲೆಡೆ ಒಂದೇ ರೀತಿಯಲ್ಲಿ ಬಾಳಬಲ್ಲುದೆ? ಇದನ್ನು ವಿಚಾರಿಸೋಣ.

ಎರಡು ವಸ್ತುಗಳನ್ನು ಹೋಲಿಸುವ ಮೊದಲು ಅಳತೆಗೋಲನ್ನು ಪರೀಕ್ಷಿಸಬೇಕೆಂಬುದು ಭೌತವಿಜ್ಞಾನದ ಮೊದಲನೆಯ ಪಾಠ. ಉದ್ಯಮದ ಅನುಕೂಲತೆಯನ್ನು ಅಳೆಯಲು ವಿಶ್ವಬ್ಯಾಂಕು 'ಡೂಯಿಂಗ್ ಬಿಸಿನೆಸ್' ಎಂಬ ವರದಿಯನ್ನು ಪ್ರಕಟಿಸುತ್ತಿತ್ತು. ಅದರ 2020ರ ಸಂಪುಟದಲ್ಲಿ, 190 ದೇಶಗಳ ಸಾಲಿನಲ್ಲಿ, ಭಾರತವು 63ನೆಯದು, ಮಲಾವಿ 109ನೆಯದು, ಮೊಜಾಂಬಿಕ್ 138ನೆಯದು, ಮ್ಯಾನ್ಮಾರ್ 165ನೆಯದು. ಆದರೆ ಭಾರತದ ಅಂಕಿಗಳನ್ನು ಪಡೆದುದು ಮುಂಬಯಿ, ದೆಹಲಿ ಎಂಬ ಎರಡು ನಗರಗಳಿಂದ. ಮುಂಬಯಿಯಲ್ಲಿ ಉಷ್ಣಮಾಪಕವನ್ನಿಟ್ಟು ಜೇವರ್ಗಿಯ ಬಿಸಿಲನ್ನು ಹೇಳಲಾದೀತೆ? ಅಂಕಿ ಅಂಶಗಳಲ್ಲಿ ಅಕ್ರಮಗಳು ಕಂಡುಬಂದುದರಿಂದ 2021ರಲ್ಲಿ ಆ ವರದಿಯೇ ನಿಂತುಹೋಯಿತು. 2024ರಲ್ಲಿ 'ಬಿಸಿನೆಸ್ ರೆಡಿ' ಎಂಬ ಹೊಸ ವರದಿ ಆರಂಭವಾಯಿತು. ಆದುದರಿಂದ ನಾವು ಕ್ರಮಾಂಕವನ್ನು ಬದಿಗಿಟ್ಟು ಮೂರು ಪ್ರಶ್ನೆಗಳನ್ನು ಕೇಳೋಣ.

ಮೊದಲನೆಯದು, ನೆಲಕ್ಕೆ ಏನು ಉಳಿಯುತ್ತದೆ? ತೊಗರಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ನೈಟ್ರೋಜನ್ನನ್ನು ಗಿಡಕ್ಕೆ ಆಹಾರವಾಗಿ ಒದಗಿಸುತ್ತವೆ. ಆಳಕ್ಕಿಳಿಯುವ ಬೇರು ಕೆಳಪದರದ ತೇವವನ್ನು ಹೀರುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಮಲಾವಿಯ ಸಣ್ಣ ರೈತರು ಇದನ್ನು ಮುಸುಕಿನ ಜೋಳದ ಸಾಲುಗಳ ನಡುವೆ ಬಿತ್ತುತ್ತಾರೆ; ನಮ್ಮವರು ಹೆಸರು, ಉದ್ದುಗಳೊಡನೆ ಬಿತ್ತುವುದುಂಟು. ಆದರೆ ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಬಿತ್ತಿದರೆ ನೆಟೆರೋಗದ ಶಿಲೀಂಧ್ರವು ಮಣ್ಣಿನಲ್ಲಿ ಬೆಳೆಯುತ್ತ ಹೋಗುತ್ತದೆ. 2022ರ ಹಂಗಾಮಿನಲ್ಲಿ ಈ ರೋಗದಿಂದ ಕಲಬುರಗಿ ಜಿಲ್ಲೆಯ ರೈತರು ಪಟ್ಟ ನಷ್ಟ ಇನ್ನೂ ಮರೆತಿಲ್ಲ. ನೆಲದ ಲೆಕ್ಕ ತಪ್ಪಿದ ಕಡೆ ಗಿರಣಿಗೆ ಕಾಳೇ ಇರದು.

ಎರಡನೆಯದು, ಕೊಳ್ಳುವವರು ಎಷ್ಟು ಮಂದಿ? ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ಗಳು ಮಾರಾಟಕ್ಕಾಗಿ ಬೆಳೆಯುವ ತೊಗರಿಗೆ ಮುಖ್ಯ ಗಿರಾಕಿ ಭಾರತವೊಂದೇ. 2016ರಲ್ಲಿ ಭಾರತವು ಮೊಜಾಂಬಿಕ್‌ನೊಡನೆ ಖರೀದಿಯ ಒಪ್ಪಂದ ಮಾಡಿಕೊಂಡಿತು. ಆ ಹಂಗಾಮಿನಲ್ಲಿಯೇ ನಮ್ಮಲ್ಲಿ ಬೆಳೆ ಹುಲುಸಾಗಿ ಬಂದು, ಧಾರಣೆ ಕ್ವಿಂಟಾಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಆಗಸ್ಟ್‌ನಲ್ಲಿ ಸರಕಾರವು ಆಮದಿಗೆ ಮಿತಿ ಹಾಕಿದೊಡನೆ ಮೊಜಾಂಬಿಕ್‌ನ ಬೆಲೆ ಕುಸಿಯಿತು. 2021ರಲ್ಲಿ ಆಮದು ಮತ್ತೆ ಮುಕ್ತವಾಯಿತು. ಆಗ ಆತಂಕಪಡುವ ಸರದಿ ಆಳಂದದ ರೈತನದಾಯಿತು. ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಬ್ಬರು ಬಡ ರೈತರು ಕುಳಿತಿದ್ದಾರೆಂಬುದನ್ನು ನಾವು ಮರೆಯಬಾರದು. ನಮ್ಮವನಿಗೆ ಇರುವ ಅನುಕೂಲವೆಂದರೆ, ಅವನ ಕಾಳನ್ನು ಉಣ್ಣುವವರು ಅವನ ನೆರೆಹೊರೆಯಲ್ಲಿಯೇ ಇದ್ದಾರೆ.

ಮೂರನೆಯದು, ಕಾಳು ಬೇಳೆಯಾಗುವುದು ಎಲ್ಲಿ? ಇಲ್ಲಿ ಸ್ವಲ್ಪ ವಿಜ್ಞಾನವಿದೆ. ತೊಗರಿಯ ಸಿಪ್ಪೆಯು ಒಂದು ಬಗೆಯ ಅಂಟಿನಿಂದ ಬೇಳೆಗೆ ಬಿಗಿಯಾಗಿ ಹತ್ತಿಕೊಂಡಿರುತ್ತದೆ. ಗಿರಣಿಯಲ್ಲಿ ಕಾಳಿನ ಮೈಯನ್ನು ಉರುಳೆಯಿಂದ ಗೀಚಿ, ಎಣ್ಣೆ ನೀರುಗಳನ್ನು ಸವರಿ, ಬಿಸಿಲಿನಲ್ಲಿ ಹಲವು ದಿನ ಒಣಗಿಸಿದಾಗ ಆ ಬಂಧ ಸಡಿಲವಾಗುತ್ತದೆ. ಮೋಡ ಕವಿದರೆ ಕೆಲಸ ನಿಲ್ಲುತ್ತದೆ. ನೂರು ಕಿಲೋಗ್ರಾಂ ಕಾಳಿನಲ್ಲಿ ಸಿಪ್ಪೆ ಸುಮಾರು 15 ಕಿಲೋಗ್ರಾಂ, ಉಳಿದುದೆಲ್ಲ ಬೇಳೆಯಾಗಬೇಕಷ್ಟೆ. ಆದರೆ ಹಳೆಯ ಪದ್ಧತಿಯಲ್ಲಿ ಕೈಗೆ ಬರುವುದು 70ರಿಂದ 75 ಮಾತ್ರ. ಮಿಕ್ಕುದು ನುಚ್ಚು, ಹಿಟ್ಟುಗಳಾಗಿ ಹೋಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸಿ, ಬಿಸಿಲಿನ ಹಂಗಿಲ್ಲದೆ 80ರಷ್ಟು ಬೇಳೆ ಪಡೆಯುವ ವಿಧಾನವನ್ನು ರೂಪಿಸಿದೆ. ಸಣ್ಣ ಗಿರಣಿಯನ್ನೂ ನಿರ್ಮಿಸಿದೆ. ಹೀಗೆ ಕ್ವಿಂಟಾಲಿಗೆ ಹೆಚ್ಚಾಗಿ ದೊರೆಯುವ ಐದು–ಹತ್ತು ಕಿಲೋಗ್ರಾಂಗಳನ್ನು ವಾಚಕರು ಇಂದಿನ ಅಂಗಡಿಯ ಬೆಲೆಯಿಂದ ಗುಣಿಸಿ ನೋಡಲಿ.

ಜಿಲ್ಲೆಯ ಬೇಳೆ ಗಿರಣಿಗಳಲ್ಲಿ ಹೆಚ್ಚಿನವು ಕಲಬುರಗಿ ನಗರದಲ್ಲಿಯೇ ಇವೆ. ಇಡಿಯ ಕಾಳನ್ನು ಮಾರಿದ ಅಫಜಲಪುರದ ರೈತನು ಬೇಳೆಯ ಲಾಭದೊಡನೆ ಹೊಟ್ಟು ನುಚ್ಚುಗಳನ್ನೂ ಕಳುಹಿಸಿಬಿಡುತ್ತಾನೆ. ಊರಿನಲ್ಲಿಯೇ ಬೇಳೆಯಾದರೆ ಹೊಟ್ಟು ದನಕ್ಕೆ, ಸಗಣಿ ಹೊಲಕ್ಕೆ. ಇಡಿಯ ಕಾಳನ್ನೇ ಹಡಗಿಗೆ ತುಂಬುವ ಮೊಜಾಂಬಿಕ್‌ನ ಬೆಳೆಗಾರನೂ ಈ ವಿಷಯದಲ್ಲಿ ಅವನ ಜೊತೆಗಾರನೇ ಸರಿ. ದೇಶಗಳ ಕ್ರಮಾಂಕದಲ್ಲಿ ಇವರ ನಡುವೆ 75 ಮೆಟ್ಟಿಲುಗಳ ಅಂತರವಿದ್ದರೂ.

ಸಣ್ಣ ಗಿರಣಿಯೆಂದ ಮಾತ್ರಕ್ಕೆ ಉದ್ಯಮ ಬಾಳುತ್ತದೆಂದಲ್ಲ. ಅದಕ್ಕೆ ತಪ್ಪದ ವಿದ್ಯುತ್ತು, ಹಂಗಾಮಿನಲ್ಲಿ ಕಾಳು ಕೊಳ್ಳಲು ಬಂಡವಾಳ, ಒಣ ಉಗ್ರಾಣ, ಇವೆಲ್ಲ ಬೇಕು. ನಾಳೆ ಜೇವರ್ಗಿಯ ಯುವಕನೊಬ್ಬನು ಗಿರಣಿ ಹೂಡಲು ಹೊರಟರೆ ದೇಶದ ಕ್ರಮಾಂಕವನ್ನು ನೋಡುವುದಕ್ಕೆ ಮೊದಲು ತನ್ನ ಊರಿನ ಈ ಮೂರು ಲೆಕ್ಕಗಳನ್ನು ಬರೆದಿಡಲಿ: ನೆಲದ್ದು, ಗಿರಾಕಿಯದು, ಗಿರಣಿಯದು. ಮೂರೂ ಸರಿತೂಗಿದರೆ ಧೈರ್ಯವಾಗಿ ಮುಂದುವರಿಯಬಹುದು.