ಆರ್ಕಿಟೆಕ್ಟ್ ಕೆಲಸ ಬಿಡುವ ಮುನ್ನ ಒಂದು ಹಂಗಾಮು

ಬಿ.ಆರ್ಕ್ ಓದು ಐದು ವರ್ಷ. ಅದಕ್ಕೂ ಮೊದಲು ನಾಟಾ ಪರೀಕ್ಷೆ, ಫೀಜಿಗೆಂದು ಅಪ್ಪ ಮಾಡಿದ ಸಾಲ, ಹಾಸ್ಟೆಲಿನಲ್ಲಿ ನಿದ್ದೆಗೆಟ್ಟು ಅಂಟಿಸಿದ ಮಾಡೆಲ್ಲುಗಳು. ಇಷ್ಟೆಲ್ಲ ಆದ ಮೇಲೆ ಬೆಂಗಳೂರಿನ ಕಚೇರಿಯಲ್ಲಿ ಮೂರ್ನಾಲ್ಕು ವರ್ಷ ದುಡಿದ ಮಗನೋ ಮಗಳೋ ಗೌರಿ ಹಬ್ಬಕ್ಕೆ ಊರಿಗೆ ಬಂದು, ‘ಈ ಕೆಲಸ ಸಾಕಾಗಿದೆ, ಬಿಡ್ತೀನಿ’ ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಇಂಥ ಮಾತು ಕೇಳಿದವರಿಗಾಗಿ ಮತ್ತು ಆ ಮಾತು ಆಡಿದವರಿಗಾಗಿ ಈ ಲೇಖನ.

ಬಿಡಬೇಕೆನ್ನುವವರನ್ನು ತಡೆಯುವ ಇರಾದೆ ನನಗಿಲ್ಲ. ಮನಸ್ಸೊಪ್ಪದ ಕೆಲಸದಲ್ಲಿ ಆಯುಷ್ಯ ಸವೆಸುವುದು ದೊಡ್ಡ ನಷ್ಟವೇ. ನನ್ನದು ಒಂದೇ ಒತ್ತಾಯ: ಮುಂದೆ ಮಾಡಬೇಕೆಂದಿರುವ ಕೆಲಸವನ್ನು, ಸಂಬಳ ಬರುತ್ತಿರುವಾಗಲೇ, ಒಂದು ಹಂಗಾಮು ಪೂರ್ತಿ ಕೈಯಾರೆ ಮಾಡಿ ನೋಡಿ. ರಾಜೀನಾಮೆ ಆಮೇಲೆ.

ಬೇಸರ ಯಾವುದರ ಮೇಲೆ?

ಮೊದಲ ಹೆಜ್ಜೆಗೆ ಬೇಕಾದದ್ದು ಒಂದು ನೋಟ್‌ಬುಕ್. ಒಂದು ತಿಂಗಳು, ದಿನವೂ ಮಲಗುವ ಮುನ್ನ ಎರಡು ಸಾಲು ಬರೆಯಿರಿ: ಇವತ್ತು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದು ಕತ್ತು ಹಿಸುಕಿತು. ತಿಂಗಳ ಕೊನೆಗೆ ಓದಿದರೆ ಬೇಸರದ ಮೂಲ ಕಾಣುತ್ತದೆ. ರಾತ್ರಿ ಹತ್ತರವರೆಗೆ ಕೂರಿಸುವ ಕಚೇರಿಯ ಮೇಲೆ ಸಿಟ್ಟಿದ್ದರೆ ಕಚೇರಿ ಬದಲಿಸಿದರೆ ಸಾಕು. ಒಂದೇ ಅಚ್ಚಿನ ಅಪಾರ್ಟ್‌ಮೆಂಟುಗಳನ್ನು ಬರೆದು ಬರೆದು ಜಡ್ಡುಗಟ್ಟಿದ್ದರೆ ಬೇರೆ ಬಗೆಯ ಕಟ್ಟಡಗಳ ಕಡೆ ಹೊರಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ತೆಗೆದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಅದರಿಂದ ಬೆಳೆದ ಮಣ್ಣಿನ ಮನೆಗಳ ಪರಂಪರೆ ಇಂದು ಕರ್ನಾಟಕದಲ್ಲಿ ಗಟ್ಟಿಯಾಗಿದೆ, ಅಂಥ ಮನೆ ಕಟ್ಟುವ ಸಣ್ಣ ಕಚೇರಿಗಳೂ ಇವೆ. ಸೈಟಿನಲ್ಲಿ ಮೇಸ್ತ್ರಿ ಜೊತೆ ನಿಂತಾಗ ಮಾತ್ರ ಜೀವ ಬರುತ್ತದೆ ಎನ್ನುವವರಿಗೆ ಬೇಕಿರುವುದು ಕಟ್ಟಿಸುವ ಕೆಲಸ. ಇವು ಯಾವುವೂ ಅಲ್ಲ, ಕಟ್ಟಡ ಎಂದರೇ ಬೇಡ ಎಂದು ನೋಟ್‌ಬುಕ್ ಹೇಳಿದರೆ ಮುಂದಕ್ಕೆ ಓದಿ.

ಬಿಟ್ಟವರು ಹೇಗೆ ಬಿಟ್ಟರು?

ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿ ಹುಡುಗನಾಗಿದ್ದಾಗಲೇ ಆರ್ಕಿಟೆಕ್ಟ್ ಒಬ್ಬರ ಕೈಕೆಳಗೆ ಸೇರಿದವನು. 1862ರಲ್ಲಿ ಲಂಡನ್ನಿಗೆ ಹೋಗಿ ಅದೇ ಕೆಲಸ ಮಾಡಿದ. 1871ರಲ್ಲಿ ಮೊದಲ ಕಾದಂಬರಿ ಹೊರಬಂದಾಗಲೂ ನಕ್ಷೆಯ ಕೆಲಸ ನಡೆದೇ ಇತ್ತು. ಬರವಣಿಗೆ ಅನ್ನ ಕೊಡುತ್ತದೆಂಬ ಭರವಸೆ ಬಂದ ಮೇಲೆ ಪೂರ್ತಿ ಅತ್ತ ತಿರುಗಿದ. ಅರುಂಧತಿ ರಾಯ್ ದೆಹಲಿಯಲ್ಲಿ ವಾಸ್ತುಶಿಲ್ಪ ಓದಿದವರು. 1997ರ ಬುಕರ್ ಪ್ರಶಸ್ತಿಗೆ ಮೊದಲು ಚಿತ್ರಕಥೆ ಬರೆಯುತ್ತ ವರ್ಷಗಳನ್ನು ಕಳೆದಿದ್ದರು. ನಮ್ಮವರೇ ಆದ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮಾ ಮುಗಿಸಿ, ಔಷಧದ ಉದ್ಯೋಗ ಬಿಟ್ಟು ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. ಅವರ ‘ಘಟಶ್ರಾದ್ಧ’ 1977ರ ಸಾಲಿನ ಸ್ವರ್ಣ ಕಮಲ ಪಡೆಯಿತು. ಈ ಮೂವರಲ್ಲಿ ಯಾರಿಗೂ ಹೊಸ ಕೆಲಸ ಒಂದೇ ದಿನದಲ್ಲಿ ಕೈಹಿಡಿಯಲಿಲ್ಲ. ಕಲಿಯುವುದಕ್ಕೆ ಎಲ್ಲರೂ ಹೊತ್ತು ಕೊಟ್ಟಿದ್ದಾರೆ.

ಹಂಗಾಮಿನ ಪರೀಕ್ಷೆ

ಊರಿಗೆ ಮರಳಿ ತೋಟ ಮಾಡಬೇಕೆನ್ನುವವರ ಪರೀಕ್ಷೆ ರೈಲಿನಿಂದಲೇ ಶುರು. ಬೀರೂರು ಜಂಕ್ಷನ್ನಿನಲ್ಲಿ ರೈಲು ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ದಿಕ್ಕಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಕಡೂರು ಅದಕ್ಕೂ ಮೊದಲೇ ಸಿಗುತ್ತದೆ. ಅಂದರೆ ಮೂರೂ ಊರಿಗೆ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಗ್ಗೆ ತೋಟದಲ್ಲಿರಬಹುದು. ಈ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳಿ.

ಮೂರು ತಾಲ್ಲೂಕು ಒಂದಕ್ಕೊಂದು ಅಂಟಿಕೊಂಡಿದ್ದರೂ ನೆಲದ ಗುಣ ಬೇರೆ ಬೇರೆ. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕ ಓದಿ ಹಳ್ಳಿಗೆ ಹೊರಟ ಅನೇಕರ ಕಣ್ಣಲ್ಲಿ ಮೂಡಿಗೆರೆಯ ಹಸಿರು ಇರುತ್ತದೆ. ಜಿಲ್ಲೆ ಒಂದೇ ಆದರೂ ಕಡೂರು ಬಯಲುಸೀಮೆ. ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಕೊಳವೆಬಾವಿ ಎಷ್ಟು ಅಡಿ, ಬೇಸಿಗೆಯಲ್ಲಿ ಎಷ್ಟು ಇಂಚು ನೀರು ಎಂಬುದು. ತರೀಕೆರೆಯಲ್ಲಿ ಅಡಿಕೆ ಇದೆ, ಆದರೆ ಹೊಸದಾಗಿ ನೆಟ್ಟ ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು; ಎತ್ತರದ ತಳಿಯ ತೆಂಗಿಗೂ ಅಷ್ಟೇ, ಇಲ್ಲವೆ ಇನ್ನೂ ಹೆಚ್ಚು. ಆದ್ದರಿಂದ ‘ತೋಟ ಮಾಡುತ್ತೇನೆ’ ಎನ್ನುವವರು ಆ ನಡುವಿನ ವರ್ಷಗಳ ಊಟದ ದಾರಿಯನ್ನು ಈಗಲೇ ಬರೆದಿಟ್ಟುಕೊಳ್ಳಬೇಕು.

ಮನೆಯಲ್ಲಿ ತೋಟವಿದ್ದರೆ ಈ ವರ್ಷ ಅದನ್ನು ಖೇಣಿಗೆ ಕೊಡಬೇಡಿ ಎಂದು ಅಪ್ಪನನ್ನು ಒಪ್ಪಿಸಿ, ಒಂದು ಕೊಯ್ಲನ್ನು ನೀವೇ ನಡೆಸಿ. ಕೊನೆಗಾರರನ್ನು ಹುಡುಕುವುದು, ಸುಲಿಯುವವರಿಗೆ ಕೂಲಿ ಬಟವಾಡೆ, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವುದು, ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಅಕಾಲದ ಮೋಡ ಕವಿದಾಗ ಟಾರ್ಪಾಲು ಹಿಡಿದು ಓಡುವುದು, ಮಂಡಿಯಲ್ಲಿ ಲಾಟಿನ ದರ ಕೇಳಿ ಮಾರಬೇಕೋ ಕಾಯಬೇಕೋ ಎಂದು ತೀರ್ಮಾನಿಸುವುದು. ಇದೆಲ್ಲ ಮುಗಿದ ಮೇಲೂ ಮನಸ್ಸು ‘ಇನ್ನೊಂದು ವರ್ಷ’ ಎಂದರೆ ಆ ಮಾತನ್ನು ನಂಬಬಹುದು.

ಊರಲ್ಲೇ ಕಾದಿರುವ ಕೆಲಸ

ಇಂಥ ಕೆಲಸಗಳ ಬಗ್ಗೆ ನನಗೆ ಹೆಚ್ಚು ಆಸೆ. ಆರ್ಕಿಟೆಕ್ಟ್ ಕಲಿತದ್ದನ್ನು ಬೇರೆ ರೀತಿಯಲ್ಲಿ ಬಳಸಿಕೊಳ್ಳಲು ಈ ಮೂರು ತಾಲ್ಲೂಕುಗಳಲ್ಲಿ ಬೇಕಾದಷ್ಟು ಜಾಗವಿದೆ.

ಅಜ್ಜಂಪುರದ ಕಡೆಯ ಈರುಳ್ಳಿಯನ್ನೇ ನೋಡಿ. ಮುಂಗಾರಿನಲ್ಲಿ ಬೆಳೆದು ಮಳೆ ಪೂರ್ತಿ ನಿಲ್ಲುವ ಮೊದಲೇ ಕೀಳಬೇಕಾಗಿ ಬಂದ ಗಡ್ಡೆಯಲ್ಲಿ ತೇವ ಹೆಚ್ಚು. ಗಾಳಿಯಾಡದ ಕಡೆ ರಾಶಿ ಹಾಕಿದರೆ ಕೊಳೆಯುತ್ತದೆ. ಕೊಳೆಯುವ ಹೆದರಿಕೆಗೆ ರೈತ ಸಿಕ್ಕ ದರಕ್ಕೆ ಲಾರಿಗೆ ತುಂಬುತ್ತಾನೆ. ಒಳ್ಳೆಯ ಈರುಳ್ಳಿ ಶೆಡ್ಡಿನ ತಳ ನೆಲದಿಂದ ಒಂದೂವರೆ ಎರಡು ಅಡಿ ಮೇಲಿರಬೇಕು, ಅಡಿಯಿಂದಲೂ ಎರಡೂ ಬದಿಯಿಂದಲೂ ಗಾಳಿ ನುಗ್ಗಬೇಕು, ರಾಶಿ ನಾಲ್ಕೈದು ಅಡಿ ಮೀರಬಾರದು, ಇಳಿಮಾಡು ಚಾಚಿಕೊಂಡು ಎರಚಲು ತಡೆಯಬೇಕು. ಗಾಳಿಯ ದಿಕ್ಕು ನೋಡಿ ಇದನ್ನು ನಿಲ್ಲಿಸುವುದು ಅಪ್ಪಟ ವಾಸ್ತುಶಿಲ್ಪದ ಕೆಲಸ. ಕಡೂರಿನ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಇಡುತ್ತಾರೆ. ಈಗ ಕಟ್ಟುವ ತಾರಸಿ ಮನೆಗಳಲ್ಲಿ ಆ ಅಟ್ಟಕ್ಕೆ ಜಾಗವೇ ಇಲ್ಲ. ತೆಂಗಿನ ಮನೆತನಕ್ಕೆ ಒಗ್ಗುವ ಒಂದು ಮನೆಯ ಪ್ಲಾನ್ ಬರೆದು ಕಟ್ಟಿಸಿ ತೋರಿಸಿ. ಮುಂದಿನ ಕೆಲಸವನ್ನು ಪಕ್ಕದೂರಿನವರೇ ಹುಡುಕಿಕೊಂಡು ಬಂದು ಕೊಡುತ್ತಾರೆ.

ಹಳೆಯ ಕಟ್ಟಡಗಳ ಮೇಲೆ ಪ್ರೀತಿಯಿದ್ದರೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ಒಂದು ದಿನ ಪೂರ್ತಿ ಕೂರಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಹೊರಗಿನ ಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕತೆಗಳು ಸಾಲಾಗಿ ಕೆತ್ತಲ್ಪಟ್ಟಿವೆ. ಮುಂದೆ ಸೋಮನಾಥಪುರದವರೆಗೂ ಹೆಸರು ಮಾಡಿದ ರೂವಾರಿ ಮಲ್ಲಿತಮ್ಮನ ಮೊದಲ ಕೆಲಸ ಇಲ್ಲಿಯ ಒಳಮಾಡಿನ ಭುವನೇಶ್ವರಿಗಳಲ್ಲಿದೆ ಎನ್ನುತ್ತಾರೆ. ಇಂಥ ಗುಡಿಗಳನ್ನು ಉಳಿಸುವ ವಿದ್ಯೆ ಕಲಿಯಲು ದೆಹಲಿ ಮತ್ತು ಭೋಪಾಲದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಲ್ಲಿ ಎರಡು ವರ್ಷದ ಎಂ.ಆರ್ಕ್ ಇದೆ. ಪುರಾತತ್ವ ಇಲಾಖೆ, ಇಂಟ್ಯಾಕ್, ಹಳೆಯ ದೇವಸ್ಥಾನಗಳನ್ನು ಜೀರ್ಣೋದ್ಧಾರ ಮಾಡುವ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಈ ಕ್ಷೇತ್ರದಲ್ಲಿವೆ.

ರಂಗಸಜ್ಜಿಕೆ, ಬೆಳಕು ಎಂದರೆ ಕಣ್ಣರಳುತ್ತದೆಯೇ? ಅಜ್ಜಂಪುರಕ್ಕೆ ಹತ್ತಿರದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ‘ಶಿವಸಂಚಾರ’ ನಾಟಕ ತಂಡ ತಿರುಗಾಟ ನಡೆಸುತ್ತಿದೆ, ಅಲ್ಲಿ ರಂಗಶಾಲೆಯೂ ಇದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಅಲ್ಲೇ ಇದ್ದು ಕಲಿಯುವ ತರಬೇತಿ ಕೊಡುತ್ತಿದೆ.

ನೋಂದಣಿ ಕೈಬಿಡಬೇಡಿ

ಭಾರತದಲ್ಲಿ ‘ಆರ್ಕಿಟೆಕ್ಟ್’ ಎಂದು ಹೆಸರಿನ ಜೊತೆ ಹಾಕಿಕೊಳ್ಳಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಬೇಕು. ಕಾಯ್ದೆ ರಕ್ಷಿಸುವುದು ಆ ಬಿರುದನ್ನು; ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡಲೇಬಾರದೆಂದು ಅದು ಹೇಳುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದರೂ ನವೀಕರಣದ ಶುಲ್ಕ ಕಟ್ಟುತ್ತಿರಿ. ಬೆಳೆ ಕೈಕೊಟ್ಟ ವರ್ಷ ನಾಲ್ಕು ಮನೆಯ ಪ್ಲಾನ್‌ಗೆ ಸಹಿ ಹಾಕಿ ಸಂಸಾರ ಸಾಗಿಸಲು ಈ ನೋಂದಣಿಯೇ ಆಸರೆ.

ಹಣದ ವಿಷಯ ಚುಟುಕಾಗಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಚೇರಿಯ ಕಾಯಂ ನೌಕರರು ಐದು ವರ್ಷ ಮುಗಿಸಿದ್ದರೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಗ್ರಾಚ್ಯುಟಿ ಸಿಗುತ್ತದೆ. ಐದಕ್ಕೆ ಎರಡು ತಿಂಗಳು ಬಾಕಿ ಇದ್ದರೆ ಕಾಯಿರಿ. ಪಿಎಫ್ ಹಣಕ್ಕೆ ಕೈಹಾಕಬೇಡಿ; ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಮುಂದೆ ಮತ್ತೆಲ್ಲಾದರೂ ಸೇರಿದರೆ ಹಿಂದಿನ ವರ್ಷಗಳು ಕೂಡಿಕೊಳ್ಳುತ್ತವೆ. ಕಂಪನಿಯ ಆರೋಗ್ಯ ವಿಮೆ ಕೆಲಸದೊಂದಿಗೇ ನಿಲ್ಲುತ್ತದೆ. ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಿಸಬಹುದಾದ್ದರಿಂದ ಅಪ್ಪ ಅಮ್ಮನನ್ನೂ ಸೇರಿಸಿ ಸ್ವಂತ ವಿಮೆಯನ್ನು ಈಗಲೇ ಮಾಡಿಸಿ.

ಜಮೀನು ಕೊಳ್ಳುವುದಿದ್ದರೆ

2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅವಸರ ಮಾತ್ರ ಬೇಡ. ಪಹಣಿ, ಮ್ಯುಟೇಶನ್, ಪೋಡಿ, ಇ.ಸಿ. ನೋಡುವುದು ಎಲ್ಲರಿಗೂ ಗೊತ್ತು. ಈ ಭಾಗದಲ್ಲಿ ಇನ್ನೆರಡು ನೋಡಬೇಕು. ಒಂದು, ಅಮೃತಮಹಲ್ ಕಾವಲು. ಅಜ್ಜಂಪುರ, ಬೀರೂರಿನ ಸುತ್ತ ರಾಸುಗಳಿಗೆ ಮೀಸಲಾದ ಕಾವಲುಗಳಿವೆ. ಅವಕ್ಕೆ ತಾಗಿದ ಸರ್ವೆ ನಂಬರಾದರೆ ಹಳೆಯ ದಾಖಲೆಯವರೆಗೂ ಹೋಗಿ. ಎರಡು, ಪರಿಶಿಷ್ಟರಿಗೆ ಮಂಜೂರಾದ ಜಮೀನು. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಅದರ ಮಾರಾಟ ಊರ್ಜಿತವಲ್ಲ, 2023ರ ತಿದ್ದುಪಡಿ ಕಾಲಮಿತಿಯನ್ನೂ ತೆಗೆದಿದೆ. ಕಾನೂನಿಗಿಂತ ಮೊದಲು ನ್ಯಾಯದ ಮಾತು: ಆ ಭೂಮಿ ಆ ಕುಟುಂಬದ್ದು, ಅದನ್ನು ಕೊಳ್ಳಲು ಹೋಗಬೇಡಿ. ನನ್ನನ್ನು ಕೇಳಿದರೆ ಮೊದಲ ಎರಡು ವರ್ಷ ಯಾವ ಜಮೀನನ್ನೂ ಕೊಳ್ಳದಿರುವುದೇ ಒಳ್ಳೆಯದು.

ಸ್ವಂತ ಉದ್ಯಮಕ್ಕೆ ಪಿಎಂಇಜಿಪಿ ಯೋಜನೆಯಲ್ಲಿ ಗ್ರಾಮೀಣ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರೂ ಸೇರಿ ವಿಶೇಷ ವರ್ಗಕ್ಕೆ ಶೇ 35 ಸಹಾಯಧನವಿದೆ. ನೀವು ಅರ್ಜಿ ಹಾಕುವ ವರ್ಷದ ನಿಯಮವನ್ನು ಚಿಕ್ಕಮಗಳೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೇ ಕೇಳಿ ತಿಳಿಯಿರಿ. ಬೆಳೆಯ ವಿಷಯಕ್ಕೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ.

ಮನೆಯಲ್ಲಿ ಹೇಳುವುದು

ಹಬ್ಬದ ದಿನ, ನೆಂಟರ ಮುಂದೆ ಈ ಮಾತು ತೆಗೆಯಬೇಡಿ. ಹಂಗಾಮಿನ ಲೆಕ್ಕದ ಪುಸ್ತಕ, ಓದಿನ ಸಾಲದ ಬಾಕಿ, ಒಂದು ವರ್ಷದ ಮನೆಖರ್ಚಿನ ಪಟ್ಟಿ ಮೂರನ್ನೂ ಹಿಡಿದು ಅಪ್ಪ ಅಮ್ಮನ ಎದುರು ಕೂರಿ. ಊರಲ್ಲಿರುವ ಅಣ್ಣನನ್ನೋ ತಮ್ಮನನ್ನೋ ಮೊದಲು ಮಾತಾಡಿಸಿ. ಇಷ್ಟು ವರ್ಷ ತೋಟ ನೋಡಿಕೊಂಡವನು ಅವನು. ನೀವು ಬಂದರೆ ತನ್ನ ಪಾಲು ಏನಾಗುತ್ತದೆಂಬ ಅಳುಕು ಅವನಿಗಿರುವುದು ಸಹಜ. ಯಾವ ತುಂಡು ಯಾರು ನೋಡಿಕೊಳ್ಳುವುದು, ಬಂದದ್ದನ್ನು ಹೇಗೆ ಹಂಚಿಕೊಳ್ಳುವುದು ಎಂದು ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿ.

ಆಮೇಲೆ ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ, ಹಿಡಿದ ಪ್ರಾಜೆಕ್ಟಿನ ನಕ್ಷೆಗಳನ್ನು ಮುಂದಿನವರಿಗೆ ಅರ್ಥವಾಗುವಂತೆ ಒಪ್ಪಿಸಿ. ಅನುಭವ ಪತ್ರದಲ್ಲಿ ನೀವು ದುಡಿದ ಕಟ್ಟಡಗಳ ಹೆಸರು ನಮೂದಿಸಿಕೊಡಲು ಕೇಳಿ.